ಕಾಲಿಡಬಹುದಾದಷ್ಟು ನೆಲ

ಫೆಬ್ರವರಿ 9, ಸೋಮವಾರ

ಹೊಸ ಕೆಲಸ ಬಂತು. ಹಳೆಯ ಶಾಲೆಯ ಕಟ್ಟಡವೊಂದನ್ನು ವಸತಿಗೃಹ ಮಾಡುತ್ತಾರಂತೆ. ಪಕ್ಕದ ಆಸ್ಪತ್ರೆಯಲ್ಲಿರುವ ರೋಗಿಗಳ ಕಡೆಯವರು ಉಳಿದುಕೊಳ್ಳಲು. ಮಹಡಿಗಳ ನಕ್ಷೆಗಳೆಲ್ಲ ನನ್ನ ಕಂಪ್ಯೂಟರಿಗೆ ಬಂದು ಬಿದ್ದಿವೆ. ಪ್ರತಿ ಕೋಣೆಯ ನಿವ್ವಳ ನೆಲ ಅಳೆದು ಕೊಟ್ಟರೆ ಎಷ್ಟು ಮಂಚ ಹಿಡಿಸುತ್ತದೆಂದು ಅವರು ತೀರ್ಮಾನಿಸುತ್ತಾರೆ. ನಿವ್ವಳ ಎಂದರೆ ಗೋಡೆಯ ದಪ್ಪ ಕಳೆದು, ಕಂಬ ಕಳೆದು, ಪೈಪು ಇಳಿಯುವ ಡಕ್ಟ್ ಕಳೆದು, ಮನುಷ್ಯ ನಿಜವಾಗಿ ಕಾಲಿಡಬಹುದಾದಷ್ಟು ನೆಲ. ಗೋಡೆಯ ಒಳಮೈ ಹಿಡಿದು ಮೂಲೆಯಿಂದ ಮೂಲೆಗೆ ಮೌಸ್ ಒತ್ತುತ್ತಾ ಹೋಗಬೇಕು. ಹೊರಟಲ್ಲಿಗೇ ಬಂದು ಮುಚ್ಚಿದರೆ ಕೋಣೆಗೆ ಹಳದಿ ಬಣ್ಣ ತುಂಬಿಕೊಂಡು ನಡುವೆ ಅಂಕಿ ಮೂಡುತ್ತದೆ. ಇದನ್ನು ಕತ್ತೆ ದುಡಿಮೆ ಅನ್ನುವವರಿದ್ದಾರೆ. ಅನ್ನಲಿ. ಹೊರಟಲ್ಲಿಗೇ ಬಂದು ಸೇರುವ ಕೆಲಸ ಬೇರೆ ಯಾವುದಿದೆ, ತೋರಿಸಲಿ.

ಮಧ್ಯಾಹ್ನ ಅಕ್ಕನ ಮಗಳ ಫೋನು. ಸ್ಕೂಟರಿನಿಂದ ಬಿದ್ದಿದ್ದಾಳೆ.

"ಚಿಕ್ಕಮ್ಮ, ಗಾಬರಿ ಆಗ್ಬೇಡ. ಕಾಲು ಎರಡು ಕಡೆ ಮುರಿದಿದೆ, ಅಷ್ಟೆ."

"ಅಷ್ಟೆ ಅಂತೀಯಲ್ಲೇ! ಇನ್ನೆಷ್ಟು ಕಡೆ ಮುರೀಬೇಕಿತ್ತು?"

"ರಾಡ್ ಹಾಕಿದ್ದಾರೆ. ಎರಡು ತಿಂಗಳು ಕಾಲು ಊರೋ ಹಾಗಿಲ್ಲ. ನಾನಿರೋದು ಮೂರನೇ ಮಹಡಿ, ಲಿಫ್ಟ್ ಬೇರೆ ಇಲ್ಲ. ನಿನ್ನ ಮನೆಗೆ ಮೆಟ್ಟಿಲೇ ಇಲ್ವಲ್ಲ, ಅದಕ್ಕೇ..."

ಮುಂದಿನದನ್ನು ಅವಳು ಹೇಳಲಿಲ್ಲ. ನಾನೇ ಅವಸರದಿಂದ ಹೇಳಿದೆ. "ಜಾಗ ಎಲ್ಲಿದೆಯಮ್ಮ? ಇರೋದು ಒಂದು ನಡುಮನೆ, ಒಂದು ನನ್ನ ಕೋಣೆ."

 "ಸರಿ ಚಿಕ್ಕಮ್ಮ" ಅಂದಳು. ಅಂಬೆಗಾಲಿಡುವಾಗಿನಿಂದ ಈ ಮನೆ ನೋಡಿದವಳು. ಎಷ್ಟು ಕೋಣೆಯೆಂದು ಅವಳಿಗೆ ಗೊತ್ತು.

ಫೆಬ್ರವರಿ 10, ಮಂಗಳವಾರ

ಬೆಳಿಗ್ಗೆ ಹಾಲು ಕಾಯಿಸುತ್ತಿದ್ದಾಗ ಬಡಿತ ಕೇಳಿತು. ಟಕ್ ಟಕ್. ಸ್ವಲ್ಪ ತಡೆದು ಇನ್ನೊಂದು ಟಕ್. ಬಾಯಿ ತನ್ನಷ್ಟಕ್ಕೇ "ಬಂದೆ, ಇರೇ" ಅಂದುಬಿಟ್ಟಿತು. ಕಾಲೂ ಹೊರಟಿತು. ಫ್ರಿಜ್ಜಿನ ಮುಂದೆ ನಿಂತಾಗ ಎಚ್ಚರವಾಯಿತು.

ಯಾರಿಗೂ ಹೇಳಿಲ್ಲ, ಇಲ್ಲಿ ಬರೆಯುತ್ತೇನೆ. ಅಕ್ಕನಿಗೆ ಪಾರ್ಶ್ವವಾಯು ಹೊಡೆದು ಮಾತು ಹೋದ ಮೇಲೆ ಎಡಗೈಯ ಚಮಚವೇ ಅವಳ ಬಾಯಿ. ಮಲಗಿದಲ್ಲಿಂದಲೇ ಗೋಡೆಗೆ ಬಡಿಯುತ್ತಿದ್ದಳು. ಒಂದೇ ಬಡಿತವಾದರೆ ನೀರು. ಟಕ್ ಟಕ್, ತಡೆದು ಟಕ್ ಅಂದರೆ 'ಸುಮ್ಮನೆ ಬಾ, ಕೂತುಕೋ'. ಬಿಡದೆ ಬಡಿದರೆ ಬೈಗುಳ. ಮಾತಿದ್ದಾಗ ಬೈದದ್ದಕ್ಕಿಂತ ಚಮಚದಲ್ಲಿ ಬೈದದ್ದೇ ಹೆಚ್ಚು. ಅವಳು ಹೋಗಿ ಜನವರಿಗೆ ವರ್ಷ ತುಂಬಿತು. ಬಡಿತ ಮಾತ್ರ ಹೋಗಿಲ್ಲ.

ಅವಳ ಕೋಣೆಯ ಬಾಗಿಲು ಎಳೆದುಕೊಂಡ ವಾರವೇ ಫ್ರಿಜ್ಜನ್ನು ಅದರ ಮುಂದಕ್ಕೆ ತಳ್ಳಿಸಿದೆ. ಪ್ಲಗ್ ಪಾಯಿಂಟು ಅಲ್ಲಿಗೆ ಹತ್ತಿರ. ಬೇರೇನಿಲ್ಲ.

ಫೆಬ್ರವರಿ 13, ಶುಕ್ರವಾರ

ನೆಲಮಹಡಿ, ಮೊದಲ ಮಹಡಿ ಮುಗಿದವು. ಎರಡನೆಯದರಲ್ಲಿ ಒಂದು ಎಡವಟ್ಟು. ಏಳನೇ ಕೋಣೆಗೂ ಎಂಟನೇ ಕೋಣೆಗೂ ನಡುವೆ ಒಂದು ಜಾಗವಿದೆ. ನಾಲ್ಕೂ ಕಡೆ ಗೋಡೆ. ಬಾಗಿಲಿಲ್ಲ, ಹೆಸರಿಲ್ಲ. ಅಳೆದರೆ 9.84 ಚದರ ಮೀಟರು.

ನಕ್ಷೆ ಬರೆದ ಗೆರೆರಾಯನನ್ನು ಕೇಳಿದೆ. ಅವನ ನಿಜವಾದ ಹೆಸರು ಕಚೇರಿಯಲ್ಲಿ ಯಾರಿಗೂ ನೆನಪಿಲ್ಲ. ಗೆರೆ ಎಳೆಯುವುದೊಂದು ಬಿಟ್ಟು ಬೇರೇನೂ ಬಾರದವನೆಂದು ನಾನೇ ಇಟ್ಟ ಹೆಸರು.

"ಸರ್ವೆಯವರು ಅಳೆದು ತಂದಿದ್ದನ್ನ ಎಳೆದಿದ್ದೀನಿ ಮೇಡಂ. ಬಾಗಿಲಿಲ್ಲ ಅಂದ್ರೆ ಡಕ್ಟ್ ಇರಬೇಕು."

"ಇಷ್ಟು ದೊಡ್ಡ ಡಕ್ಟಾ? ಅದರಲ್ಲಿ ಆನೆ ಇಳಿಸ್ತಾರಾ?"

"ಡಕ್ಟ್ ಇರಬಹುದು, ಅಲ್ಲದೇನೂ ಇರಬಹುದು."

ಅಡ್ಡಗೋಡೆಯ ಮೇಲೆ ದೀಪ ಇಡುವುದರಲ್ಲಿ ಅವನದು ಎತ್ತಿದ ಕೈ. ನಿಯಮವೇನೋ ಸ್ಪಷ್ಟವಾಗಿದೆ. ಕಾಲಿಡಲಾಗದ ಜಾಗ ಲೆಕ್ಕಕ್ಕಿಲ್ಲ. ಹಳದಿ ಅಳಿಸಿ, 'ಡಕ್ಟ್, ಸೇರಿಸಬಾರದು' ಎಂದು ಗುರುತು ಹಾಕಿ ಬಂದೆ.

ಫೆಬ್ರವರಿ 15, ಭಾನುವಾರ

ಆಸ್ಪತ್ರೆಗೆ ಹೋಗಿ ಅಕ್ಕನ ಮಗಳನ್ನು ನೋಡಿ ಬಂದೆ. ಕಾಲು ದಿಂಬಿನ ಮೇಲಿದೆ. ಮುಖ ಬಾಡಿದೆ. ಮನೆಯ ಮಾತು ಅವಳು ಎತ್ತಲಿಲ್ಲ. ಆರೈಕೆ ಕೇಂದ್ರವೊಂದನ್ನು ಗೊತ್ತು ಮಾಡಿಕೊಂಡಿದ್ದಾಳಂತೆ. ಒಂದೇ ಹಜಾರದಲ್ಲಿ ಸಾಲಾಗಿ ಮಂಚಗಳು, ನಡುವೆ ಪರದೆ.

"ಅಲ್ಲಿ ನಿದ್ದೆ ಬರುತ್ತೇನೇ?"

"ಎಲ್ಲೋ ಒಂದು ಕಡೆ ಬೀಳಬೇಕಲ್ಲ ಚಿಕ್ಕಮ್ಮ."

ಮಾತಾಡುತ್ತಾ ಅವಳು ಉಗುರಿನಿಂದ ಮಂಚದ ಕಂಬಿ ಬಡಿಯುತ್ತಿದ್ದಳು.  ಬಸ್ಸಿಗೆ ಹೊತ್ತಾಯಿತೆಂದು ಎದ್ದು ಬಂದೆ. ಬಸ್ಸಿಗೇನೂ ಹೊತ್ತಾಗಿರಲಿಲ್ಲ.

ಫೆಬ್ರವರಿ 16, ಸೋಮವಾರ

ಎರಡನೇ ಮಹಡಿಯ ಮೊತ್ತ ತಾಳೆಯಾಗಲಿಲ್ಲ. 9.84 ಹೆಚ್ಚು. ನಕ್ಷೆ ತೆರೆದರೆ ಆ ಡಕ್ಟಿನಲ್ಲಿ ಹಳದಿ ತುಂಬಿಕೊಂಡು ಕೂತಿದೆ. ನಾನು ಅಳಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಗೆರೆರಾಯನ ಮೇಲೆ ಹಾರಾಡಿದೆ. "ನಿಮ್ಮ ಅಳತೆ ಫೈಲು ನಾನ್ಯಾಕೆ ಮುಟ್ಟಲಿ?" ಅಂದು ಮುಖ ಊದಿಸಿಕೊಂಡ. ಮತ್ತೆ ಅಳಿಸಿದೆ.

ಫೆಬ್ರವರಿ 18, ಬುಧವಾರ

ಮಾನ ಹೋಯಿತು.

ಸಭೆಯಲ್ಲಿ ದೊಡ್ಡ ಇಂಜಿನಿಯರು ಎರಡನೇ ಮಹಡಿಯ ನಕ್ಷೆಯನ್ನು ಗೋಡೆಯ ಪರದೆಯ ಮೇಲೆ ಹಾಕಿಸಿದರು. ಕೋಣೆಗಳೆಲ್ಲ ಅಂಕಿ ಹೊತ್ತುಕೊಂಡು ಶಿಸ್ತಾಗಿ ನಿಂತಿದ್ದವು. ಏಳು, ಎಂಟರ ನಡುವೆ ಮತ್ತೆ ಅದೇ ಹಳದಿ. ಈ ಸಲ ಅದರ ನಡುವೆ ಒಂದು ಹೆಸರೂ ಇತ್ತು. ಅಕ್ಕ.

"ಮೇಡಂ, ಇದು ಯಾರ ಅಕ್ಕ?" ಅಂದರು ದೊಡ್ಡ ಇಂಜಿನಿಯರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಎಲ್ಲರಿಗಿಂತ ಜೋರಾಗಿ. ಯಾರೋ ಚೇಷ್ಟೆ ಮಾಡಿರಬೇಕು ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ ಕೈ ಆಗಲೇ ಮೇಜಿನ ಕೆಳಗೆ ಹೋಗಿತ್ತು. ಗೆರೆರಾಯನೊಬ್ಬ ನಗಲಿಲ್ಲ.

"ಮುಂದಿನ ವಾರ ಅಂಕಿ ಬೇಕು ನಂಗೆ. ಅಕ್ಕ ತಂಗಿ ಯಾರೂ ಇರಬಾರದು," ಅಂದರು ದೊಡ್ಡ ಇಂಜಿನಿಯರು.

ಫೆಬ್ರವರಿ 19, ಗುರುವಾರ

ಪ್ರತಿ ಗುರುತನ್ನೂ ಯಾರು ಹಾಕಿದರೆಂದು ಫೈಲೇ ನೆನಪಿಟ್ಟುಕೊಂಡಿರುತ್ತದೆ. ಗೆರೆರಾಯ ಕುರ್ಚಿ ಎಳೆದುಕೊಂಡು ಬಂದು ಆ ಹಳದಿಯ ಮೇಲೆ ಒತ್ತಿ ತೋರಿಸಿದ. ಹಾಕಿದವಳು ನಾನು. ಪ್ರತಿ ಸಲವೂ ನಾನೇ. ಊಟದ ನಂತರದ ಹೊತ್ತಿನಲ್ಲಿ.

ನನಗೆ ನೆನಪಿಲ್ಲ. ದೇವರಾಣೆಗೂ ನೆನಪಿಲ್ಲ.

ಇನ್ನೊಂದನ್ನು ನಾನೇ ಕಂಡುಕೊಂಡೆ. ಅದನ್ನು ಅವನಿಗೆ ಹೇಳಲಿಲ್ಲ. ಯಾವ ಕೋಣೆಯಾದರೂ ನಾನು ಅಳೆಯಲು ಶುರುಮಾಡುವುದು ಬಾಗಿಲಿನ ಎಡ ಮೂಲೆಯಿಂದ. ಅದು ನನ್ನ ಕೈಯ ರೂಢಿ. ಈ ಜಾಗಕ್ಕೆ ಬಾಗಿಲೇ ಇಲ್ಲವಲ್ಲ, ಹಾಗಾಗಿ ಹೊರಗೋಡೆಯ ಎಡ ಮೂಲೆಯಿಂದ ಶುರುವಾಗಿದೆ. ಅಲ್ಲಿಂದ ಅಡ್ಡ ದಾಟಿ ಬಲಕ್ಕೆ, ಆಮೇಲೆ ಕೆಳಗೆ, ಆಮೇಲೆ ಎಡಕ್ಕೆ. ತಲೆಯ ಕಡೆ ಎರಡು ಮೂಲೆ, ಕಾಲ ಕಡೆ ಎರಡು. ಅಕ್ಕನ ಹಾಸಿಗೆಯ ಬಟ್ಟೆಯನ್ನು ದಿನಾ ಬೆಳಿಗ್ಗೆ ನಾನು ಸಿಕ್ಕಿಸುತ್ತಿದ್ದದ್ದು ಹೀಗೆಯೇ.

ಮಧ್ಯಾಹ್ನವೆಲ್ಲ ನನ್ನ ಬಲಗೈಯನ್ನೇ ನೋಡುತ್ತಾ ಕೂತಿದ್ದೆ. ಅದು ಮೌಸಿನ ಮೇಲೆ ಸುಮ್ಮನೆ ಮಲಗಿತ್ತು. ಹೆದರಿಕೆಯಾಗುತ್ತಿದೆ.

ಫೆಬ್ರವರಿ 22, ಭಾನುವಾರ

ಬಟ್ಟೆ ಒಣಹಾಕುತ್ತಿದ್ದಾಗ ಮೇಲ್ಮನೆಯಾಕೆ ಇಣುಕಿದರು.

"ಮನೆಗೆ ಯಾರಾದ್ರೂ ಬಂದಿದ್ದಾರೇನ್ರೀ?"

"ಇಲ್ವಲ್ಲ, ಯಾಕೆ?"

"ನಿಮ್ಮಕ್ಕನ ಕೋಣೆ ಕಿಟಕಿ ತೆಗೆದಿದೆ ಅಂತ ಕೇಳಿದೆ. ರಸ್ತೆಯಿಂದ ನೋಡಿದೆ. ಪರದೆ ಆಡ್ತಿತ್ತು."

ಕೈಲಿದ್ದ ಬಟ್ಟೆ ಬಕೆಟ್ಟಿಗೇ ಬಿತ್ತು. ಅಂದು ಕಿಟಕಿ ಹಾಕದೆ ಬಾಗಿಲು ಎಳೆದುಕೊಂಡಿದ್ದೆನೇನೋ. ಆಕೆ ಹೋದ ಮೇಲೆ ರಸ್ತೆಗೆ ಹೋಗಿ ನಿಂತೆ. ಹೌದು, ಕಿಟಕಿಯ ಒಂದು ಬಾಗಿಲು ತೆರೆದಿದೆ. ಒಳಗೆ ಕತ್ತಲೆ. ಪರದೆ ಸ್ವಲ್ಪ ಹೊರಗೆ ಬಂತು, ಒಳಗೆ ಹೋಯಿತು. ದಾರಿಹೋಕರು ನನ್ನನ್ನು ನೋಡಿಕೊಂಡು ಹೋದರು. ನನ್ನ ಮನೆಯನ್ನು ನಾನೇ ಕಳ್ಳಿಯ ಹಾಗೆ ನೋಡುತ್ತಿದ್ದೆ.

ಒಳಗೆ ಹೋಗಿ ನೋಡಬಹುದಿತ್ತಲ್ಲ ಎಂದು ಈಗ ಅನ್ನಿಸುತ್ತಿದೆ. ತೆರೆದಾಗ ಅಕ್ಕ ಇದ್ದುಬಿಟ್ಟರೆ ಎಂಬುದೊಂದು ಭಯ. ಇಲ್ಲದೇ ಹೋದರೆ ಎಂಬುದು ಇನ್ನೊಂದು. ನಿಜ ಹೇಳಬೇಕೆಂದರೆ ಎರಡನೆಯದೇ ದೊಡ್ಡದು.

ಫೆಬ್ರವರಿ 24, ಮಂಗಳವಾರ

ಅಕ್ಕನ ಮಗಳು ನಿನ್ನೆ ಆರೈಕೆ ಕೇಂದ್ರ ಸೇರಿದಳು. "ಇಲ್ಲಿ ಎಲ್ಲರೂ ಒಳ್ಳೆಯವರು ಚಿಕ್ಕಮ್ಮ" ಎಂದು ಫೋನಿನಲ್ಲಿ ಹೇಳಿದಳು. ಪಕ್ಕದ ಮಂಚದವರ ಕೆಮ್ಮಿನಲ್ಲಿ ಅವಳ ಮಾತೇ ಸರಿಯಾಗಿ ಕೇಳಿಸಲಿಲ್ಲ.

ಕಚೇರಿಯಲ್ಲಿ ಕೂತವಳಿಗೆ ಮೇಲ್ಮನೆಯಾಕೆಯ ಮಾತು ತಲೆಯಿಂದ ಹೋಗಲೇ ಇಲ್ಲ. 'ರಸ್ತೆಯಿಂದ ನೋಡಿದೆ.' ನಾನು ಆ ಶಾಲೆಯನ್ನು ಇಲ್ಲಿಯವರೆಗೂ ಒಳಗಿನಿಂದ ಮಾತ್ರ ಅಳೆದಿದ್ದೆ. ಹೊರಮುಖದ ಚಿತ್ರಗಳನ್ನು ತೆರೆದೇ ಇರಲಿಲ್ಲ, ನೆಲ ಅಳೆಯುವವರಿಗೆ ಅವು ಬೇಕಾಗುವುದೂ ಇಲ್ಲ. ಇವತ್ತು ತೆರೆದೆ. ಎರಡನೇ ಮಹಡಿ. ಏಳನೇ ಕೋಣೆಯ ಕಿಟಕಿ ಇದೆ, ಎಂಟನೆಯದರ ಕಿಟಕಿ ಇದೆ. ಅವೆರಡರ ನಡುವೆ ಇನ್ನೊಂದಿದೆ.

ಡಕ್ಟಿಗೆ ಯಾರು ಕಿಟಕಿ ಇಡುತ್ತಾರೆ?

ಫೆಬ್ರವರಿ 25, ಬುಧವಾರ

ದೊಡ್ಡ ಇಂಜಿನಿಯರನ್ನು ಒಪ್ಪಿಸಿ, ಗೆರೆರಾಯನನ್ನು ಎಳೆದುಕೊಂಡು, ಶಾಲೆಗೆ ಹೋಗಿ ಬಂದೆ. ಖಾಲಿ ಕಟ್ಟಡ. ನಮ್ಮ ಹೆಜ್ಜೆಯ ಸದ್ದು ನಮಗಿಂತ ಮುಂದೆ ಹೋಗುತ್ತಿತ್ತು. ಎರಡನೇ ಮಹಡಿಯ ಓಣಿಯಲ್ಲಿ, ಏಳಕ್ಕೂ ಎಂಟಕ್ಕೂ ನಡುವೆ, ಗೋಡೆಗೆ ಆತುಕೊಂಡು ಒಂದು ಕಬ್ಬಿಣದ ಬೀರು ನಿಂತಿತ್ತು. ಎತ್ತರ, ಅಗಲ, ತುಕ್ಕು ಹಿಡಿದದ್ದು.

"ಇದರ ಹಿಂದೆ ಏನಿದೆ?" ಎಂದು ಕಾವಲುಗಾರನನ್ನು ಕೇಳಿದೆ.

"ಬಾಗಿಲಿದೆ. ಹುಷಾರಿಲ್ಲದ ಮಕ್ಕಳನ್ನ ಮಲಗಿಸ್ತಿದ್ದ ಕೋಣೆ ಅದು. ಆಮೇಲಾಮೇಲೆ ಯಾರೂ ಬಳಸ್ಲಿಲ್ಲ, ಬೀರು ತಂದು ಇಟ್ರು."

"ಸರ್ವೆಗೆ ಬಂದವರಿಗೆ ಹೇಳ್ಲಿಲ್ವಾ?"

"ಅವರು ಕೇಳ್ಲಿಲ್ಲವಲ್ಲ ತಾಯಿ."

ಅಷ್ಟೇ ನಡೆದಿರುವುದು. ಸರ್ವೆಯವರು ಕಂಡದ್ದನ್ನು ಅಳೆದರು, ಬೀರಿನ ಹಿಂದೆ ಗೋಡೆಯೇ ಇದೆ ಅಂದುಕೊಂಡರು. ಗೆರೆರಾಯ ಗೋಡೆ ಎಳೆದ. ನಾನು ಡಕ್ಟ್ ಅಂದೆ. ನಾವೆಲ್ಲ ಸೇರಿ ಒಂದು ಕೋಣೆಯನ್ನು ಇಲ್ಲ ಅನ್ನಿಸಿಬಿಟ್ಟಿದ್ದೆವು.

ಮೂವರೂ ಬೀರು ಸರಿಸಿದೆವು. ಬಾಗಿಲು ಗೊರ ಗೊರ ಅನ್ನುತ್ತಾ ತೆರೆಯಿತು. ಒಳಗೆ ಒಂದು ಸಣ್ಣ ಮಂಚ, ಕಿಟಕಿ, ನೆಲದ ಮೇಲೆ ಬಿಸಿಲು. ಇಷ್ಟು ದಿನ ಯಾರಿಗೂ ಬೇಡವಾದ ಬಿಸಿಲು ದಿನಾ ಬಂದು ಹೋಗುತ್ತಿತ್ತು. ಹೊಸಿಲಲ್ಲಿ ನಿಂತುಬಿಟ್ಟೆ. ಗೆರೆರಾಯ ಟೇಪಿನ ತುದಿ ಹಿಡಿದು ಕಾದ. ಕೊನೆಗೆ ಕಾಲಿಟ್ಟೆ. ಅಳೆದರೆ 9.79. ಗಾರೆಯ ದಪ್ಪಕ್ಕೆ ನಕ್ಷೆಗಿಂತ ಒಂದಿಷ್ಟು ಕಡಿಮೆ. ಎರಡು ಮಂಚ ಹಿಡಿಸುತ್ತದೆ. ಯಾರೋ ಇಬ್ಬರಿಗೆ ಮಲಗಲು ಜಾಗವಾಯಿತೆಂದು ನಿಜಕ್ಕೂ ಸಂತೋಷವಾಯಿತು. ಅಕ್ಕನಿಗೆ ಮಾತಿದ್ದಿದ್ದರೆ "ಮನೆಗೆ ಮಾರಿ, ಊರಿಗೆ ಉಪಕಾರಿ" ಅನ್ನುತ್ತಿದ್ದಳು.

ಬಸ್ಸಿನಲ್ಲಿ ಗೆರೆರಾಯ ಕಿಟಕಿಯ ಹೊರಗೆ ನೋಡುತ್ತಲೇ ಹೇಳಿದ. "ನಿಮ್ಮನೆ ಫ್ರಿಜ್ಜು ತಳ್ಳಿದ್ದು ನಾನೇ ಅಲ್ವಾ ಮೇಡಂ. ವಾಪಸ್ ತಳ್ಳೋದಾದ್ರೂ ಹೇಳಿ."

ನಾನು ಬ್ಯಾಗಿನಲ್ಲಿ ಚಿಲ್ಲರೆ ಹುಡುಕತೊಡಗಿದೆ.

ಫೆಬ್ರವರಿ 26, ಗುರುವಾರ

ಅಂಕಿ ಒಪ್ಪಿಸಿದೆ. ಆ ಕೋಣೆಗೆ ಈಗ 7ಎ ಎಂದು ಹೆಸರು. ಬೆಳಿಗ್ಗೆ ಬಡಿತ ಕೇಳಿತು. ಟಕ್ ಟಕ್. ಟಕ್. "ಬಂದೆ" ಅಂದೆ. ಫ್ರಿಜ್ಜಿಗೆ ಹಣೆ ಒತ್ತಿಕೊಂಡು ಸ್ವಲ್ಪ ಹೊತ್ತು ನಿಂತಿದ್ದೆ.

ಫೆಬ್ರವರಿ 28, ಶನಿವಾರ

ಫ್ರಿಜ್ಜಿನ ಹಿಂದೆ ಧೂಳು ಬಹಳವಿತ್ತು, ಗುಡಿಸಬೇಕಿತ್ತು. ಅದಕ್ಕೆಂದೇ ಗೆರೆರಾಯನನ್ನು ಬರಹೇಳಿದೆ. ಬಂದ. ತಳ್ಳಿದ. ಅಡುಗೆಮನೆಯ ಕಟ್ಟೆಯ ಪಕ್ಕಕ್ಕೇ ಅದು ಸರಿಯಾಗಿ ಕೂತಿತು. ಅಲ್ಲಿಯೂ ಪ್ಲಗ್ ಪಾಯಿಂಟು ಇತ್ತು.

ಬಾಗಿಲು ಉಬ್ಬಿಕೊಂಡು ಬಿಗಿಯಾಗಿತ್ತು. ಅವನು ಭುಜ ಕೊಟ್ಟ.

ಅಕ್ಕ ಇರಲಿಲ್ಲ.

ಇರುವುದಿಲ್ಲವೆಂದು ಗೊತ್ತಿತ್ತು. ಆದರೂ ಮೊದಲು ಮಂಚವನ್ನೇ ನೋಡಿದೆ. ಖಾಲಿ. ಹಾಸಿಗೆಯ ಬಟ್ಟೆ ಹಾಗೆಯೇ ಇದೆ. ಕಾಲ ಕಡೆಯ ಎಡ ಮೂಲೆಯೊಂದು ಹೊರಗೆ ಬಂದಿತ್ತು. ಸಿಕ್ಕಿಸಿದೆ. ಕಿಟಕಿಯ ಕಟ್ಟೆಯ ಮೇಲೆ ಚಮಚ.

ತೆರೆದಿದ್ದ ಕಿಟಕಿಯ ಬಾಗಿಲನ್ನು ಗೆರೆರಾಯ ಅಲ್ಲಾಡಿಸಿ ನೋಡಿದ. ಕೊಕ್ಕೆ ಸಡಿಲವಾಗಿ ನೇತಾಡುತ್ತಿತ್ತು. ಬೆಳಗಿನ ಗಾಳಿಗೆ ಗೋಡೆಗೆ ಬಡಿಯುತ್ತದೆ. ಎಳೆದು ಬಿಟ್ಟು ತೋರಿಸಿದ. ಟಕ್ ಟಕ್. ಕೊಕ್ಕೆ ಒಂದು ಸುತ್ತು ತೂಗಿ, ಟಕ್.

"ಇದೇ ಸದ್ದು ಇರಬೇಕು ನೋಡಿ," ಎಂದು ಇಕ್ಕಳದಿಂದ ಕೊಕ್ಕೆ ಬಗ್ಗಿಸಿ, ಕಿಟಕಿ ಹಾಕಿ ಭದ್ರ ಮಾಡಿದ.

"ಯಾವ ಸದ್ದು? ನಾನು ನಿಮಗೆ ಯಾವ ಸದ್ದಿನ ವಿಷಯವೂ ಹೇಳಿಲ್ಲ."

ಅವನು ಇಕ್ಕಳ ಜೇಬಿಗೆ ಹಾಕಿಕೊಂಡ. "ಕಚೇರೀಲಿ ಊಟ ಆದ ಮೇಲೆ ತೂಕಡಿಸ್ತಾ, ಯಾರೋ ಬಡಿದು ಕರೆದ ಹಾಗೆ, ಕೂತಲ್ಲೇ 'ಬಂದೆ, ಇರೇ' ಅಂತೀರಿ ಮೇಡಂ. ವರ್ಷದಿಂದ ಕೇಳ್ತಿದ್ದೀನಿ. ಯಾರಿಗೂ ಹೇಳಿಲ್ಲ."

ಚಹಾ ಕುಡಿಯಿರಿ ಎಂದೂ ಹೇಳದೆ ಅವನನ್ನು ಕಳಿಸಿದೆ. ಯಾರು ಕೇಳಿದ್ದರು ಇವನನ್ನು ಕೊಕ್ಕೆ ಸರಿ ಮಾಡೆಂದು?

ಮಾರ್ಚ್ 1, ಭಾನುವಾರ

ಹಾಲು ಕಾಯಿತು. ಬಡಿತವಿಲ್ಲ. ಹಾಲು ಇಳಿಸಿದೆ. ಬಡಿತವಿಲ್ಲ. ಮನೆಯಲ್ಲಿ ಇಂಥ ಮೌನ ನಾನು ಕೇಳಿಯೇ ಇರಲಿಲ್ಲ. ಅವಳು ಹೋದ ದಿನವೂ ಇರಲಿಲ್ಲ. ಅಂದು ಜನರಿದ್ದರು. ಇವತ್ತು ನಡುಮನೆಯಲ್ಲಿ ಕೂತು ಚೆನ್ನಾಗಿ ಅತ್ತೆ. ಅಕ್ಕಾ, ಬೈಯಲಾದರೂ ಬಡಿಯೇ ಅಂದೆ.

ಕೊಕ್ಕೆ ಬಿಚ್ಚಿಬಿಡೋಣವೆಂದು ಕೋಣೆಗೆ ಹೋದೆ. ಕೈ ಕಿಟಕಿಗೆ ಹೋದದ್ದೂ ನಿಜ. ಅಷ್ಟರಲ್ಲಿ ಮಂಚಕ್ಕೂ ಗೋಡೆಗೂ ನಡುವಿನ ಜಾಗ ಕಣ್ಣಿಗೆ ಬಿತ್ತು. ಟೇಪು ತಂದು ಅಳೆದೆ. ಬಾಗಿಲ ಅಗಲ ಅಳೆದೆ. ಮಂಚವನ್ನು ಒಂದು ಗೇಣು ಕಿಟಕಿಯ ಕಡೆಗೆ ಸರಿಸಿದರೆ ವಾಕರ್ ತಿರುಗಿಸಲು ಸಾಕಾಗುತ್ತದೆ. ಸರಿಸಿದೆ. ಫೋನು ಮಾಡಿದೆ.

"ಜಾಗ ಇದೆ ಕಣೇ."

"ಎಲ್ಲಿ ಚಿಕ್ಕಮ್ಮ?"

ಹಠಮಾರಿ. ಥೇಟು ಅವಳಮ್ಮ. ನನ್ನ ಬಾಯಿಂದಲೇ ಹೇಳಿಸಬೇಕು.

"ನಿಮ್ಮಮ್ಮನ ಕೋಣೇಲಿ."

 ಅಳುತ್ತಿದ್ದಳೆಂದು ಕಾಣುತ್ತದೆ. ಪಕ್ಕದ ಮಂಚದವರು ಕೆಮ್ಮುತ್ತಲೇ ಇದ್ದರು.

ಮಾರ್ಚ್ 4, ಬುಧವಾರ

ಕರೆದುಕೊಂಡು ಬಂದೆ. ಗೆರೆರಾಯ ಗಾಡಿ ತಂದಿದ್ದ. ಈ ಸಲ ಚಹಾ ಕೊಟ್ಟೆ. ವಾಕರ್ ಬಾಗಿಲಲ್ಲಿ ಸರಾಗವಾಗಿ ಹೋಯಿತು, ನನ್ನ ಅಳತೆ ತಪ್ಪುವುದಿಲ್ಲ. ಅವಳು ಮಂಚದ ಮೇಲೆ ಕೂತು ಸುತ್ತ ನೋಡಿದಳು. ದಿಂಬನ್ನು ಮುಖಕ್ಕೆ ಒತ್ತಿಕೊಂಡಳು. ನನಗೆ ಒಲೆಯ ಮೇಲೆ ಏನೋ ಇಟ್ಟ ನೆನಪಾಗಿ ಹೊರಗೆ ಬಂದೆ.

ಕೆಲಸ ಬಹಳ. ಬರೆಯಲು ಹೊತ್ತಿಲ್ಲ.

ಮಾರ್ಚ್ 7, ಶನಿವಾರ

ಬೆಳಿಗ್ಗೆ ಹಾಲಿಗಿಟ್ಟಿದ್ದೆ.

ಟಕ್ ಟಕ್. ತಡೆದು, ಟಕ್.

ಕೈಯಲ್ಲಿದ್ದ ಲೋಟ ಹಾಗೆಯೇ ನಿಂತಿತು. ಕಿಟಕಿಯ ಕೊಕ್ಕೆ ಭದ್ರವಾಗಿದೆ. ಮಲಗುವ ಮುಂಚೆ ದಿನಾ ನಾನೇ ನೋಡುತ್ತೇನೆ.

"ಬಂದೆ, ಇರೇ" ಅಂದೆ. ಹೋದೆ. ಫ್ರಿಜ್ಜು ಇದ್ದ ಜಾಗ ದಾಟಿ, ಹೊಸಿಲು ದಾಟಿ, ಒಳಗೆ ಹೋದೆ.

ಅಕ್ಕನ ಮಗಳು ದಿಂಬಿಗೆ ಒರಗಿ ಕೂತಿದ್ದಳು. ಎಡಗೈಯಲ್ಲಿ ಚಮಚವಿತ್ತು.

"ಏನು ಬೇಕಿತ್ತೇ? ನೀರಾ?"

"ನೀರಿಗೆ ಒಂದೇ ಸಲ ಬಡೀಬೇಕು, ಗೊತ್ತು ನಂಗೆ. ಏನೂ ಬೇಡ ಚಿಕ್ಕಮ್ಮ. ಸುಮ್ಮನೆ ಬಾ, ಕೂತ್ಕೋ."

ಕೂತೆ. ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಬಂತು. ಏಳಲಿಲ್ಲ.